ನೋಡುವ ಕೇರಿ, ತಂಗುವ ಕೇರಿ

ಕನ್ನಡದ 'ಬಸದಿ' ಸಂಸ್ಕೃತದ 'ವಸತಿ' ಶಬ್ದದ ತದ್ಭವ. ಇಂದು ಜಿನಾಲಯವೆಂದೇ ಅರ್ಥವಾಗುವ ಈ ಮಾತಿನೊಳಗೆ ತಂಗುವ ತಾಣವೆಂಬ ಹಳೆಯ ಅರ್ಥ ಇನ್ನೂ ಉಳಿದಿದೆ. ಎಲ್ಲಿ ತಂಗಬೇಕೆಂಬುದನ್ನು ಜೈನ ಆಚಾರಗ್ರಂಥಗಳು ಸಣ್ಣ ವಿಷಯವೆಂದು ಬಗೆದಿಲ್ಲ. ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ 'ಭಗವತೀ ಆರಾಧನೆ'ಯು ಸಲ್ಲೇಖನವ್ರತವನ್ನು ಕೈಕೊಂಡವನಿಗೆ ತಕ್ಕ ವಸತಿಯನ್ನು ವಿವರಿಸುವಾಗ, ಹಾಡು ಕುಣಿತಗಳ ಶಾಲೆ, ಆನೆ ಕುದುರೆಗಳ ಲಾಯ ಮೊದಲಾದ ಗದ್ದಲದ ನೆರೆಯನ್ನು ವರ್ಜಿಸುತ್ತದೆ. ಹಿಡಿದ ಉದ್ದೇಶದಿಂದ ಮನಸ್ಸು ಚೆದುರಬಾರದೆಂಬುದೇ ಅದರ ಕಾರಣ. ಮುನಿಗಳಿಗೆ ಹೇಳಿದ ನಿಯಮವನ್ನು ಪ್ರವಾಸಿಯ ಮೇಲೆ ಹೇರಬೇಕಾಗಿಲ್ಲ. ಆದರೆ ಆ ನಿಯಮದ ಹಿಂದಿರುವ ಪ್ರಶ್ನೆಯನ್ನು ಪ್ರವಾಸಿಯೂ ಕೇಳಿಕೊಳ್ಳಬಹುದು: ಬಂದ ಕೆಲಸಕ್ಕೆ ಈ ಬಿಡಾರ ನೆರವಾಗುತ್ತದೆಯೇ, ಅಡ್ಡಿಯಾಗುತ್ತದೆಯೇ?

ಈ ಪ್ರಶ್ನೆ ಸಿರಸಂಗಿ, ಸವದತ್ತಿ, ಬೈಲಹೊಂಗಲ ಸೀಮೆಯವರಿಗೆ ಮುಂಬಯಿಯ ವಿಷಯದಲ್ಲಿ ಮೇಲಿಂದ ಮೇಲೆ ಎದುರಾಗುತ್ತದೆ. 1956ರ ನವೆಂಬರ್ 1ರಂದು ಕರ್ನಾಟಕದ ಭಾಗಗಳು ಒಂದಾಗುವವರೆಗೆ ಈ ಸೀಮೆಗೆ ಮುಂಬಯಿಯೇ ರಾಜಧಾನಿಯಾಗಿತ್ತು. ಆಡಳಿತದ ನಂಟು ಕಡಿದರೂ ವಿದ್ಯೆಯ ನಂಟು ಕಡಿದಿಲ್ಲ. ಸವದತ್ತಿಯ ರಟ್ಟರ ಇತಿಹಾಸವನ್ನು ಓದಹೊರಟವನು ಮೊದಲು ಹುಡುಕುವುದು ರಟ್ಟರ ಶಾಸನಗಳ ಕುರಿತು ಫ್ಲೀಟ್ ಬರೆದ ಪ್ರಬಂಧವನ್ನು. ಅದು ಅಚ್ಚಾದದ್ದು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛತ್ತಿನಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳನ್ನು ನೋಡಬೇಕಾದರೂ ಐಹೊಳೆಗೆ ಹೋದರೆ ಸಾಲದು, ಮುಂಬಯಿಗೆ ಹೋಗಬೇಕು.

ಅವು ಇರುವುದು ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯದಲ್ಲಿ. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಜಿಯಂ ಎಂಬ ಹೆಸರಿನಿಂದ 1922ರಲ್ಲಿ ತೆರೆದ ಈ ಕಟ್ಟಡವನ್ನೂ, ಅದಕ್ಕೆ ಸಮೀಪದಲ್ಲಿಯೇ ಕಡಲಿಗೆ ಮುಖಮಾಡಿ ನಿಂತ ಗೇಟ್‌ವೇ ಆಫ್ ಇಂಡಿಯಾವನ್ನೂ ರೂಪಿಸಿದ ವಾಸ್ತುಶಿಲ್ಪಿ ಒಬ್ಬನೇ, ಜಾರ್ಜ್ ವಿಟೆಟ್. ಜಹಾಂಗೀರ್ ಕಲಾಶಾಲೆ, ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಡೇವಿಡ್ ಸಸೂನ್ ಗ್ರಂಥಾಲಯಗಳೂ ಇದೇ ಕೇರಿಯಲ್ಲಿವೆ. ಘಾರಾಪುರಿಯ ಗುಹೆಗಳಿಗೆ ದೋಣಿಗಳು ಹೊರಡುವುದೂ ಇಲ್ಲಿಂದಲೇ. ಹೀಗಾಗಿ ಪ್ರವಾಸವನ್ನು ಯೋಜಿಸುವ ಗೃಹಸ್ಥರೂ ಕಾಲೇಜುಗಳೂ 'ನೋಡುವುದೆಲ್ಲ ಅಲ್ಲಿಯೇ ಇರುವಾಗ ಇಳಿಯುವುದೂ ಅಲ್ಲಿಯೇ ಆಗಲಿ' ಎಂದು ಕೊಲಾಬಾ, ಅಪೋಲೋ ಬಂದರಗಳ ಸುತ್ತಲಿನ ಹೋಟೆಲುಗಳನ್ನು ಹುಡುಕುತ್ತಾರೆ. ಮೇಲುನೋಟಕ್ಕೆ ಈ ವಾದ ಸರಿಯೆನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ನಿಲ್ಲುವುದಿಲ್ಲ.

ಮೊದಲನೆಯದು ಕಾಲದ ಲೆಕ್ಕ. ಸಂಗ್ರಹಾಲಯ ಬೆಳಿಗ್ಗೆ ಹತ್ತೂಕಾಲಿಗೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತದೆ. ಅದರ ಪಕ್ಕದಲ್ಲಿ ಮಲಗಿದವನಿಗೂ ಅದು ರಾತ್ರಿ ತೆರೆದಿರುವುದಿಲ್ಲ. ಕಡಲಂಚಿನ ಕೋಣೆಗೆ ತೆತ್ತ ಹೆಚ್ಚಿನ ಬಾಡಿಗೆಯಿಂದ ದೊರೆಯುವುದು ಕಿಟಕಿಯ ನೋಟ ಮತ್ತು ಬೆಳಗಿನ ಅರ್ಧ ಗಂಟೆ. ಅದೇ ಹಣದಲ್ಲಿ ಊರಿನ ಒಳಭಾಗದ ಸಾದಾ ವಸತಿಗೃಹದಲ್ಲಿ ಇನ್ನೊಂದು ದಿನ ಹೆಚ್ಚು ಉಳಿಯಬಹುದು. ಸಂಗ್ರಹಾಲಯವೊಂದು ನೋಡುವವನಿಂದ ಬೇಡುವುದು ಆ ಇನ್ನೊಂದು ದಿನವನ್ನೇ.

ಇದಕ್ಕೆ ಒಂದೇ ನಿದರ್ಶನ ಸಾಕು. ಶ್ರವಣಬೆಳಗೊಳದಿಂದ ಬಂದ, ಸುಮಾರು 9ನೆಯ ಶತಮಾನದ ಬಾಹುಬಲಿಯ ಕಂಚಿನ ಪ್ರತಿಮೆ ಅಲ್ಲಿದೆ. ಎರಡಡಿಗೂ ಕಡಿಮೆ ಎತ್ತರದ್ದು. 981ರ ಸುಮಾರಿಗೆ ಚಾವುಂಡರಾಯನು ವಿಂಧ್ಯಗಿರಿಯ ಮೇಲೆ ಬೃಹನ್ಮೂರ್ತಿಯನ್ನು ನಿಲ್ಲಿಸುವುದಕ್ಕಿಂತ ಹಿಂದಿನ ಕೆಲಸವಿದು. ಬೆಟ್ಟದ ಗೊಮ್ಮಟನ ತಲೆಯ ಮೇಲೆ ಗುಂಗುರು ಕೂದಲಿದ್ದರೆ, ಇಲ್ಲಿ ಹಿಂದಕ್ಕೆ ಬಾಚಿದ ಕೂದಲು ಎಳೆಎಳೆಯಾಗಿ ಹೆಗಲ ಮೇಲೆ ಇಳಿದಿದೆ. ಬಳ್ಳಿ ಕಾಲಿನಿಂದ ತೋಳಿನವರೆಗೆ ಏರಿದೆ. ತಪಸ್ಸಿನ ಕಾಲದ ಉದ್ದವನ್ನು ಶಿಲ್ಪಿ ಕೂದಲಿನಿಂದಲೂ ಹೇಳಿದ್ದಾನೆ. ಬೆಳಗೊಳದ ಮೂರ್ತಿಯನ್ನು ಮಾತ್ರ ಬಲ್ಲವನಿಗೆ ಈ ಚಿಕ್ಕ ಪ್ರತಿಮೆ ಮೊದಲ ನೋಟದಲ್ಲಿ ಬೇರೆ ಯಾರೋ ಎನಿಸಬಹುದು. ಅದು ಬಾಹುಬಲಿಯಾಗಿ ಕಾಣಲು ನಿಂತು ನೋಡಬೇಕು, ಹಿಂದಿರುಗಿ ಓದಬೇಕು, ಮರುದಿನ ಮತ್ತೆ ಬಂದು ನೋಡಬೇಕು. ಒಂದೇ ದಿನದಲ್ಲಿ ಸಂಗ್ರಹಾಲಯ, ಗೇಟ್‌ವೇ, ಘಾರಾಪುರಿ ಮೂರನ್ನೂ ಮುಗಿಸಿ ರೈಲು ಹತ್ತುವ ತಂಡಕ್ಕೆ ಈ ಪ್ರತಿಮೆ ಒಂದು ಗಾಜಿನ ಪೆಟ್ಟಿಗೆಯಾಗಿ ಹಿಂದೆ ಸರಿಯುತ್ತದೆ.

ಎರಡನೆಯದು ದಾರಿಯ ಲೆಕ್ಕ. ಧಾರವಾಡ, ಬೆಳಗಾವಿಗಳ ಮೂಲಕ ಸಾಗುವ ಹುಬ್ಬಳ್ಳಿ–ದಾದರ ರೈಲು ದಾದರದಲ್ಲಿಯೇ ಕೊನೆಗೊಳ್ಳುತ್ತದೆ. ಅಲ್ಲಿ ಇಳಿದವನು ಗಂಟುಮೂಟೆ ಹೊತ್ತು ದಕ್ಷಿಣದ ತುದಿಗೆ ಹೋಗಬೇಕಾಗಿಲ್ಲ. ದಾದರಕ್ಕೆ ಮುಂದಿನ ನಿಲ್ದಾಣವೇ ಮಾಟುಂಗಾ. ಕನ್ನಡಿಗರ ಮೈಸೂರು ಅಸೋಸಿಯೇಷನ್ 1926ರಿಂದ ಇರುವುದು ಅಲ್ಲಿ, ಎ. ರಾಮ ನಾಯಕರು 1942ರಲ್ಲಿ ನಿಲ್ದಾಣದ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದೂ ಅಲ್ಲಿ. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವೂ ಮಾಹಿಮ್ ಭಾಗದಲ್ಲಿ ಸಮೀಪದಲ್ಲಿಯೇ ಇದೆ. ಊರಿನಿಂದ ಮೊದಲ ಸಲ ಬಂದ ವಿದ್ಯಾರ್ಥಿಗೆ ಕನ್ನಡದಲ್ಲಿ ದಾರಿ ಹೇಳುವವರು, ಎಲೆಯ ಮೇಲೆ ಅನ್ನಸಾರು ಬಡಿಸುವವರು ಸಿಗುವ ಕೇರಿ ಅದು.

ಲೋಕಲ್ ರೈಲಿನ ನೂಕುನುಗ್ಗಲು ದೊಡ್ಡ ಆಕ್ಷೇಪವೇ ಸರಿ. ಆದರೆ ಆ ನುಗ್ಗಲಿಗೆ ಹೊತ್ತುಂಟು, ದಿಕ್ಕುಂಟು. ಬೆಳಿಗ್ಗೆ ಜನ ದಕ್ಷಿಣಕ್ಕೆ ಹರಿಯುತ್ತಾರೆ, ಸಂಜೆ ಉತ್ತರಕ್ಕೆ. ಹತ್ತೂವರೆಯ ನಂತರ ದಾದರದಿಂದ ಹೊರಟು ಮಧ್ಯಾಹ್ನ ನಾಲ್ಕರ ಸುಮಾರಿಗೆ ಹಿಂದಿರುಗಿದರೆ ಎರಡೂ ತಪ್ಪುತ್ತವೆ. ಎರಡು ದಿನ ಕೈಯಲ್ಲಿರುವವನಿಗೆ ದಿನಕ್ಕೆ ನಾಲ್ಕು ಗಂಟೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಕಣ್ಣೂ ನಿಲ್ಲದು, ಕಾಲೂ ನಿಲ್ಲದು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ವ್ರತವುಳ್ಳ ಜೈನ ಕುಟುಂಬಗಳಿಗೆ ಈ ವೇಳಾಪಟ್ಟಿ ತಾನಾಗಿಯೇ ಹೊಂದುತ್ತದೆ.

ಮೂರನೆಯದು ಹಣದ ಮತ್ತು ಕಾಲದ ಲೆಕ್ಕಕ್ಕೆ ಸಿಗದ ವಿಚಾರ. ಕಡಲತಡಿಯ ಕೇರಿ ಮುಂಬಯಿಯ ಒಂದು ಮುಖ ಮಾತ್ರ. ಕನ್ನಡನಾಡಿನ ಜೈನ ಸಾಹಿತ್ಯದ ಮಟ್ಟಿಗೆ ಆ ನಗರದ ಹಿರಿಯ ಕೆಲಸ ನಡೆದದ್ದು ಅಲ್ಲಿಂದ ಮೂರು–ನಾಲ್ಕು ಕಿಲೋಮೀಟರ್ ಉತ್ತರಕ್ಕೆ, ಹೆಸರಿನಲ್ಲಿ ಮಾತ್ರ ಕೆರೆಯುಳಿದ ಸಿ.ಪಿ. ಟ್ಯಾಂಕ್ ಎಂಬ ಇಕ್ಕಟ್ಟಿನ ಪೇಟೆಯಲ್ಲಿ. ದಾನಿ ಸೇಠ್ ಮಾಣಿಕಚಂದ್ ಹೀರಾಚಂದರು ತಂದೆಯ ನೆನಪಿಗೆ ಕಟ್ಟಿಸಿದ ಹೀರಾಬಾಗ್ ಧರ್ಮಶಾಲೆ ಅಲ್ಲಿದೆ. ಪಂಡಿತ ನಾಥೂರಾಮ ಪ್ರೇಮಿಯವರು ಪುಸ್ತಕ ಪ್ರಕಟಣೆಯನ್ನು ನಡೆಸಿದ್ದು ಹೀರಾಬಾಗಿನಲ್ಲಿ. ಸೇಠರ ಸ್ಮರಣೆಯಲ್ಲಿ ಹೊರಟ ಮಾಣಿಕಚಂದ್ರ ಗ್ರಂಥಮಾಲೆಯಲ್ಲಿಯೇ 1928ರಲ್ಲಿ ಹೀರಾಲಾಲ ಜೈನರು ಸಂಪಾದಿಸಿದ 'ಜೈನ ಶಿಲಾಲೇಖ ಸಂಗ್ರಹ'ದ ಮೊದಲ ಭಾಗ ಬಂದಿತು. ಶ್ರವಣಬೆಳಗೊಳದ ಶಾಸನಗಳನ್ನು ಹಿಂದೀ ಓದುಗರ ಕೈಗೆ ಮುಟ್ಟಿಸಿದ ಗ್ರಂಥವದು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆಯವರು ಸಂಪಾದಿಸಿದ ಜಟಾಸಿಂಹನಂದಿಯ 'ವರಾಂಗಚರಿತ' 1938ರಲ್ಲಿ ಬೆಳಕು ಕಂಡದ್ದೂ ಇದೇ ಮಾಲೆಯಲ್ಲಿ. ಅದೇ ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಯಾತ್ರಿಕರು ತಂಗಲೆಂದು ಕಟ್ಟಿದ ಮನೆಯ ಹೆಸರು ಹೀಗೆ ಗ್ರಂಥಗಳ ಇತಿಹಾಸದಲ್ಲಿಯೂ ಸೇರಿತು. ಸಂಗ್ರಹಾಲಯದ ಬಾಹುಬಲಿಯನ್ನು ನೋಡಿ ಬಂದವನು ಚರ್ನಿ ರೋಡ್ ನಿಲ್ದಾಣದಲ್ಲಿ ಇಳಿದು ಈ ಬೀದಿಯಲ್ಲೊಮ್ಮೆ ನಡೆದರೆ, ಪ್ರತಿಮೆಯೂ ಶಾಸನವೂ ಒಂದೇ ಪರಂಪರೆಯ ಎರಡು ಅಂಗಗಳೆಂಬುದು ಮನಸ್ಸಿಗೆ ಬರುತ್ತದೆ.

ದೂರದ ಬಿಡಾರ ಎಲ್ಲರಿಗೂ ತಕ್ಕುದಲ್ಲವೆಂಬುದನ್ನೂ ಹೇಳಬೇಕು. ಮೊಣಕಾಲು ನೋವಿನ ಹಿರಿಯರನ್ನು ಲೋಕಲ್ ರೈಲಿನ ಮೆಟ್ಟಿಲುಗಳ ಮೇಲೆ ಏರಿಸಿ ಇಳಿಸುವುದು ವಿವೇಕವಲ್ಲ. ವಾರಗಟ್ಟಲೆ ಏಷ್ಯಾಟಿಕ್ ಸೊಸೈಟಿಯಲ್ಲಿ ಕುಳಿತು ಓದುವ ಸಂಶೋಧಕನಿಗೆ ಗ್ರಂಥಾಲಯದಿಂದ ನಡೆದುಹೋಗುವಷ್ಟು ಹತ್ತಿರದ ಕೋಣೆ ನಿಜವಾದ ಉಪಕಾರ. ಸಿ.ಪಿ. ಟ್ಯಾಂಕಿನಲ್ಲಿಯೂ ಕೈಗಾಡಿಗಳ ಸದ್ದು ಕಡಿಮೆಯಿಲ್ಲ. ಇವರನ್ನು ಬಿಟ್ಟರೆ, ಎರಡು ಮೂರು ದಿನಕ್ಕೆಂದು ಹೋಗುವ ಸಾಮಾನ್ಯ ಪ್ರವಾಸಿಗೂ ವಿದ್ಯಾರ್ಥಿತಂಡಕ್ಕೂ ಕಡಲಂಚನ್ನು ಬಿಟ್ಟು ತಂಗುವುದೇ ಮೇಲು.

ಈ ಮಾತು ಕಾಲೇಜುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ತನ್ನ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆ ಮೀಸಲಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯ ಸೀಮೆಯಿದು. ಇಲ್ಲಿನ ಒಕ್ಕಲು ಮನೆತನಗಳು ಮಕ್ಕಳ ಪ್ರವಾಸಕ್ಕೆಂದು ಕೊಡುವ ಹಣ ಪೀಕು ಮಾರಿ ಬಂದದ್ದು. ಅದರ ದೊಡ್ಡ ಪಾಲು ಕಿಟಕಿಯ ನೋಟಕ್ಕೆ ಹೋಗಿ, ನೋಡುವ ಕೆಲಸಕ್ಕೆ ಅರ್ಧ ದಿನ ಉಳಿಯುವುದು ನ್ಯಾಯವಲ್ಲ. ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿಕೊಂಡು ಹೋದ ಹಿರಿಯರಿಗೆ ಬಂಡಿ ಬಿಚ್ಚುವ ಜಾಗ ಬೇರೆ, ದರ್ಶನದ ಜಾಗ ಬೇರೆ ಎಂಬ ತಿಳಿವಳಿಕೆ ಇತ್ತು. ನೀರು, ನೆರಳು, ಎತ್ತಿಗೆ ಮೇವು ಎಲ್ಲಿವೆಯೆಂದು ನೋಡಿ ಅವರು ಬಿಡಾರ ಹೂಡುತ್ತಿದ್ದರು. ಮುಂಬಯಿಗೆ ಹೋಗುವ ತಂಡವೂ ಊಟ, ಭಾಷೆ, ರೈಲು ಇವು ಎಲ್ಲಿವೆಯೆಂದು ನೋಡಿ ಇಳಿಯಲಿ. ಎರಡು ಹಗಲು ಸಂಗ್ರಹಾಲಯಕ್ಕೆ ಇರಲಿ, ಒಂದು ಸಂಜೆ ಹೀರಾಬಾಗಿನ ಬೀದಿಗೆ ಇರಲಿ. ಸೋಮವಾರ ಘಾರಾಪುರಿಯ ಗುಹೆಗಳು ಮುಚ್ಚಿರುತ್ತವೆ. ಆ ದಿನವನ್ನು ಬಾಹುಬಲಿಯ ಎರಡನೆಯ ದರ್ಶನಕ್ಕೆ ಇಟ್ಟುಕೊಳ್ಳಬಹುದು.