'ಇಲ್ಲ' ಎನ್ನಲಾಗದ ಮತಪತ್ರ

ರಾವಂದೂರಿಗೆ ಬೈಲುಕುಪ್ಪೆ ದೂರದ ಊರಲ್ಲ. ಎರಡೂ ಪಿರಿಯಾಪಟ್ಟಣ ತಾಲ್ಲೂಕಿಗೇ ಸೇರಿದವು. 1959ರಲ್ಲಿ ದಲೈಲಾಮಾ ಅವರನ್ನು ಅನುಸರಿಸಿ ಹಿಮಾಲಯ ದಾಟಿ ಬಂದ ಟಿಬೆಟಿನ ನಿರಾಶ್ರಿತರಿಗೆ ಅಂದಿನ ಮೈಸೂರು ಸರ್ಕಾರ ಅಲ್ಲಿ ನೆಲೆ ನೀಡಿತು. ಸಂತೆಯಲ್ಲಿ, ಬಸ್ಸಿನಲ್ಲಿ ಅವರನ್ನು ನಾವು ಕಾಣುತ್ತಲೇ ಇದ್ದೇವೆ. ಆದರೆ ಅವರ ಬದುಕಿನ ಒಂದು ಸಂಗತಿ ನಮ್ಮ ಗಮನಕ್ಕೆ ಬಂದಿರಲಾರದು. ಸ್ವದೇಶವನ್ನು ಕಳೆದುಕೊಂಡ ಈ ಜನರು ಸಾಲಿನಲ್ಲಿ ನಿಂತು ಮತ ಚಲಾಯಿಸುತ್ತಾರೆ. ಧರ್ಮಶಾಲೆಯಲ್ಲಿರುವ ತಮ್ಮ ಸಂಸತ್ತಿಗೆ ಪ್ರತಿನಿಧಿಗಳನ್ನೂ, 2001ರಿಂದ ತಮ್ಮ ಆಡಳಿತದ ಮುಖ್ಯಸ್ಥರನ್ನೂ ನೇರವಾಗಿ ಆರಿಸಿಕೊಳ್ಳುತ್ತಾರೆ. 2021ರಲ್ಲಿ ಅಂತಿಮ ಸುತ್ತಿನಲ್ಲಿ ಇಬ್ಬರು ಸ್ಪರ್ಧಿಸಿದಾಗ ಗೆದ್ದ ಪೆನ್ಪಾ ತ್ಸೆರಿಂಗ್, 1967ರಲ್ಲಿ ಇದೇ ಬೈಲುಕುಪ್ಪೆಯಲ್ಲಿ ಜನಿಸಿದವರು.

ಅವರು ಬಿಟ್ಟುಬಂದ ನಾಡಿನಲ್ಲಿಯೂ ಚುನಾವಣೆ ನಡೆಯುತ್ತದೆ. ಚೀನಾದಲ್ಲಿ ಸಾಮಾನ್ಯ ಪ್ರಜೆ ನೇರವಾಗಿ ಮತ ಹಾಕುವುದು ಕೆಳಹಂತದ ಜನಸಭೆಗಳಿಗೆ ಮಾತ್ರ; ಮೇಲಿನ ಸಭೆಗಳನ್ನು ಕೆಳಗಿನ ಸಭೆಗಳು ಆರಿಸುತ್ತವೆ, ಎಲ್ಲದರ ಮೇಲೂ ಒಂದೇ ಪಕ್ಷದ ಹಿಡಿತವಿದೆ. 2023ರ ಮಾರ್ಚ್ 10ರಂದು ಅಲ್ಲಿನ ರಾಷ್ಟ್ರೀಯ ಜನಸಭೆ ಷಿ ಜಿನ್‌ಪಿಂಗ್ ಅವರನ್ನು ಮೂರನೆಯ ಬಾರಿಗೆ ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿತು. ಪರವಾಗಿ ಬಿದ್ದ ಮತಗಳು 2,952. ವಿರುದ್ಧವಾಗಿ ಬಿದ್ದವು ಸೊನ್ನೆ. ನಾಲ್ಕು ಮಂದಿ ಅಣ್ಣತಮ್ಮಂದಿರಿರುವ ಮನೆಯಲ್ಲಿ ಒಂದು ಎತ್ತು ಮಾರಬೇಕಾದರೂ ಎರಡು ಅಭಿಪ್ರಾಯಗಳು ಹುಟ್ಟುತ್ತವೆ. ಸುಮಾರು ಮೂರು ಸಾವಿರ ಜನರಲ್ಲಿ ಒಬ್ಬರಿಗೂ ಬೇರೆ ಮನಸ್ಸಿಲ್ಲವೆಂದರೆ ಅದನ್ನು ಒಮ್ಮತವೆನ್ನಬೇಕೋ, ಮೌನವೆನ್ನಬೇಕೋ?

ಹಾಗಾದರೆ ಇಂತಹ ಪ್ರಭುತ್ವಗಳು ಚುನಾವಣೆಯನ್ನೇಕೆ ನಡೆಸುತ್ತವೆ? ಖೋಟಾ ನಾಣ್ಯವನ್ನು ಯಾರಾದರೂ ಟಂಕಿಸುವುದು ನಿಜ ನಾಣ್ಯಕ್ಕೆ ಬೆಲೆಯಿರುವುದರಿಂದಲೇ. ಜನರ ಒಪ್ಪಿಗೆಯಿಲ್ಲದೆ ಅಧಿಕಾರಕ್ಕೆ ಮಾನ್ಯತೆಯಿಲ್ಲವೆಂಬ ಸತ್ಯವನ್ನು ಸರ್ವಾಧಿಕಾರಿಯೂ ಬಲ್ಲ. ಆದುದರಿಂದಲೇ ಅವನಿಗೆ ಆ ಒಪ್ಪಿಗೆಯ ನಕಲಾದರೂ ಬೇಕು. ಸಂತ ತೋಮಸ್ ಅಕ್ವಿನಾಸರ ತತ್ತ್ವಶಾಸ್ತ್ರದಲ್ಲಿ ಆಯ್ಕೆಯೆಂಬುದು ವಿವೇಕವೂ ಇಚ್ಛೆಯೂ ಕೂಡಿ ನಡೆಸುವ ಕ್ರಿಯೆ. ಅದು ಸ್ವತಂತ್ರ ಮಾನವನ ಲಕ್ಷಣ. 'ಇಲ್ಲ' ಎನ್ನಲು ಎಡೆಯಿಲ್ಲದ ಕಡೆ 'ಹೌದು' ಎಂಬ ಮಾತಿಗೂ ಅರ್ಥವಿಲ್ಲ.

ಈ ಸಂದರ್ಭದಲ್ಲಿ ಆಸ್ಟ್ರಿಯಾದ ಒಬ್ಬ ರೈತ ನಮಗೆ ನೆನಪಾಗುತ್ತಾನೆ. 1938ರ ಏಪ್ರಿಲ್ 10ರಂದು ಹಿಟ್ಲರನು ತನ್ನ ಸಂಸತ್ತಿನ ಚುನಾವಣೆಯನ್ನೂ, ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡುದರ ಬಗ್ಗೆ ಜನಾಭಿಪ್ರಾಯವನ್ನೂ ಒಟ್ಟಿಗೇ ನಡೆಸಿದನು. ಅಭ್ಯರ್ಥಿಗಳ ಪಟ್ಟಿ ಒಂದೇ. ಮತಪತ್ರದಲ್ಲಿ 'ಹೌದು' ಎಂಬುದಕ್ಕೆ ದೊಡ್ಡ ವೃತ್ತ, 'ಇಲ್ಲ' ಎಂಬುದಕ್ಕೆ ಚಿಕ್ಕ ವೃತ್ತ. ಸಂತ ರಾಡೆಗುಂಡ್ ಎಂಬ ಹಳ್ಳಿಯಲ್ಲಿ ಆ ಚಿಕ್ಕ ವೃತ್ತಕ್ಕೆ ಗುರುತು ಹಾಕಿದವನು ಫ್ರಾನ್ಸ್ ಯೇಗರ್‌ಸ್ಟೇಟರ್ ಒಬ್ಬನೇ. ಊರಿನ ಅಧಿಕಾರಿಗಳು ಆ ಒಂದು ಮತವನ್ನು ಮರೆಮಾಚಿ, ನೂರಕ್ಕೆ ನೂರು ಸಮ್ಮತಿಯೆಂದು ವರದಿ ಕಳುಹಿಸಿದರು. ಮುಂದೆ ಹಿಟ್ಲರನ ಸೇನೆಯಲ್ಲಿ ಯುದ್ಧ ಮಾಡಲು ನಿರಾಕರಿಸಿದ್ದಕ್ಕಾಗಿ 1943ರ ಆಗಸ್ಟ್ 9ರಂದು ಅವನ ಶಿರಚ್ಛೇದವಾಯಿತು. ಊರಿನಲ್ಲಿ ಅವನ ಪತ್ನಿಯೂ ಮೂವರು ಪುಟ್ಟ ಹೆಣ್ಣುಮಕ್ಕಳೂ ಉಳಿದರು. 2007ರಲ್ಲಿ ಧರ್ಮಸಭೆ ಅವನನ್ನು ಪುನೀತರ ಸಾಲಿಗೆ ಸೇರಿಸಿತು. ಎಣಿಕೆಗೆ ಬಾರದ ಆ ಮತ ದೇವರ ಲೆಕ್ಕದಲ್ಲಿ ಉಳಿಯಿತೆಂದೇ ನಮ್ಮ ವಿಶ್ವಾಸ.

ಇದು ಪರದೇಶದ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1971ರಲ್ಲಿ ಆರಿಸಿಬಂದ ನಮ್ಮ ಲೋಕಸಭೆಯ ಅವಧಿ 1976ಕ್ಕೆ ಮುಗಿಯಬೇಕಿತ್ತು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ಎರಡು ಬಾರಿ ವಿಸ್ತರಿಸಲಾಯಿತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಒಂದು ಕಾಲಕ್ಕೆ ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಓದಿದ ಜಾರ್ಜ್ ಫರ್ನಾಂಡಿಸ್ 1977ರ ಮಾರ್ಚ್ ತಿಂಗಳಲ್ಲಿ ಸೆರೆಯಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಗೆದ್ದರು. ಅದೇ ಚುನಾವಣೆಯಲ್ಲಿ ಉತ್ತರ ಭಾರತ ಆಡಳಿತ ಪಕ್ಷವನ್ನು ತಿರಸ್ಕರಿಸಿದರೆ, ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ಆ ಪಕ್ಷಕ್ಕೇ ಕೊಟ್ಟಿತು. ಯಾರು ಸರಿ ಎಂಬುದು ಇಲ್ಲಿ ನಮ್ಮ ಪ್ರಶ್ನೆಯಲ್ಲ. ಎರಡು ರೀತಿಯ ಉತ್ತರ ಸಾಧ್ಯವಾಯಿತಲ್ಲ, ಅದೇ ಮುಖ್ಯ.

ಇಂದು ನಮ್ಮ ಹಳ್ಳಿಗಳಲ್ಲಿ ಆ ಸಾಧ್ಯತೆಯನ್ನು ಕಸಿಯಲು ಸರ್ವಾಧಿಕಾರಿ ಬರಬೇಕಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ನೀಡಬೇಕಾಯಿತು. ಹಣ ಊರಿನ ದೇಗುಲಕ್ಕೆ, ಊರೊಟ್ಟಿನ ಕೆಲಸಕ್ಕೆ ಎಂಬ ಸಮರ್ಥನೆ ಇಂತಹ ಕಡೆ ಕೇಳಿಬರುತ್ತದೆ. ನಾಳೆ ಅದೇ ಹಣವನ್ನು ನಮ್ಮ ದೇವಾಲಯದ ಮಾಡಿಗೆಂದು ಯಾರಾದರೂ ತಂದಿಟ್ಟರೆ ಗುರುಗಳಾದ ನಾವು ಏನು ಹೇಳುವೆವು? ಸೋರುವ ಮಾಡಿನ ಕೆಳಗೆ ಬಲಿಪೂಜೆ ಅರ್ಪಿಸಬಹುದು. ಮಾರಿದ ಮನಸ್ಸಾಕ್ಷಿಯಿಂದ ಅರ್ಪಿಸಲಾಗದು. ಅವಿರೋಧ ಆಯ್ಕೆಯೆಲ್ಲ ಕೆಟ್ಟದ್ದಲ್ಲ. ಆದರೆ ವಿರೋಧಿಸಬಯಸಿದ ಬಡವನ ಬಾಯಿ ಮುಚ್ಚಿಸಿ ಪಡೆದದ್ದು ಅವಿರೋಧವಲ್ಲ.

ಆಳುವವರನ್ನು ಆರಿಸುವ, ಶಾಂತಿಯುತವಾಗಿ ಬದಲಿಸುವ ಅವಕಾಶವನ್ನು ಜನರಿಗೆ ನೀಡುವುದರಿಂದಲೇ ಪ್ರಜಾಸತ್ತೆಯನ್ನು ಧರ್ಮಸಭೆ ಗೌರವಿಸುತ್ತದೆಂದು ಪೋಪ್ ದ್ವಿತೀಯ ಜಾನ್ ಪೌಲರು 1991ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ. ಕಥೋಲಿಕ ಕುಟುಂಬಗಳು ಯಾರಿಗೆ ಮತ ನೀಡಬೇಕೆಂದು ನಾವು ಹೇಳುವುದಿಲ್ಲ, ಹೇಳಲೂಬಾರದು. ಗಂಡ ಹೇಳಿದನೆಂದು ಹೆಂಡತಿ, ಯಜಮಾನ ಹೇಳಿದನೆಂದು ಕೂಲಿಯಾಳು ಮತ ಹಾಕದಿರಲಿ ಎಂದಷ್ಟೇ ನಮ್ಮ ಕೋರಿಕೆ. ಮುಂದಿನ ಬಾರಿ ಸೀರೆಯೋ ನೋಟೋ ಮನೆಬಾಗಿಲಿಗೆ ಬಂದಾಗ ಮಕ್ಕಳು ನೋಡುತ್ತಿರುತ್ತಾರೆಂಬುದನ್ನು ನೆನೆಯೋಣ. ಬೈಲುಕುಪ್ಪೆಯ ನೆರೆಯವರು ನಾಡನ್ನು ಕಳೆದುಕೊಂಡೂ ಮತವನ್ನು ಉಳಿಸಿಕೊಂಡಿದ್ದಾರೆ. ನಾಡಿದ್ದೂ ನಾವು ಅದನ್ನು ಕಳೆದುಕೊಳ್ಳದಿರೋಣ.