ಸಾಕ್ಷಿ ಹೇಳಲು ಏನೂ ಇಲ್ಲದವರು

ದಬ್ಬೇಘಟ್ಟದ ಸುತ್ತ ನಮ್ಮಂಥ ಕ್ರೈಸ್ತರ ಮನೆಗಳು ಕಡಿಮೆ. ಭಾನುವಾರದ ಆರಾಧನೆಗೆ ಬಸ್ಸು ಹತ್ತಿ ಪೇಟೆಗೇ ಹೋಗಬೇಕು. ಹಾಗೆ ತೋಟದ ಕೆಲಸ ಬಿಟ್ಟು ಹೋದವರು, ಹೋಗುವಾಗ ಇದ್ದುದಕ್ಕಿಂತ ಕುಗ್ಗಿ ಮನೆಗೆ ಬಂದರೆ ಯಾರನ್ನು ಕೇಳುವುದು? ಅವರ ವಿಶ್ವಾಸವೇ ಸಾಲದು ಅನ್ನುವ ಸಿದ್ಧ ಉತ್ತರವೊಂದಿದೆ. ನಾನದನ್ನು ಒಪ್ಪುವುದಿಲ್ಲ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ‘ಮನಸ್ಸಿಗೆ ಸಮಾಧಾನ ಸಿಗುತ್ತೆ, ಬಾರಕ್ಕ’ ಎಂದು ನೆಂಟರೊಬ್ಬರು ಕಳೆದ ವರ್ಷ ತಮ್ಮ ಸಭೆಗೆ ಕರೆದರು. ಜೊತೆಗೆ ನಾನೂ ಹೊರಟೆ. ಸಭೆಯ ಹೆಸರು ಬೇಡ, ಅಂಥವು ಈಗ ಎಲ್ಲ ಪೇಟೆಗಳಲ್ಲೂ ಇವೆ. ಕೀಬೋರ್ಡು, ಡ್ರಮ್ಮು, ಎದೆ ಅದುರಿಸುವ ಸ್ಪೀಕರು. ಹಾಡುಗಳಾದ ಮೇಲೆ ಸಾಕ್ಷಿಯ ಸಮಯ, ಅಂದರೆ ದೇವರು ತಮಗೆ ಮಾಡಿದ ಒಳಿತನ್ನು ಎಲ್ಲರೆದುರು ಹೇಳುವ ಹೊತ್ತು. ಒಬ್ಬರಿಗೆ ಸೈಟು ರಿಜಿಸ್ಟರ್ ಆಗಿತ್ತು, ಇನ್ನೊಬ್ಬರ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ತೋಟದ ಯಜಮಾನರೊಬ್ಬರು ಮೈಕು ಹಿಡಿದು, ತಾವು ಉಪವಾಸ ಪ್ರಾರ್ಥನೆ ಮಾಡಿದ್ದಕ್ಕೆ ಕರ್ತನು ಕೊಬ್ಬರಿ ದರ ಏರಿಸಿದ ಎಂದರು. ಹಲ್ಲೆಲೂಯಾ ಕೂಗು ಶೀಟಿನ ಸೂರಿಗೆ ಬಡಿಯಿತು.

ಕೊಬ್ಬರಿ ಲೆಕ್ಕ ನಮಗೂ ಬರುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ 8,000ದ ಆಸುಪಾಸಿಗೆ ಬಿದ್ದಿತ್ತು. ಆಗ ಯಾರೂ ಉಪವಾಸ ಮಾಡಿರಲಿಲ್ಲವೇ? 2025ರಲ್ಲಿ ದರ 25,000 ದಾಟಿದ್ದು ಕಾಯಿ ಕಮ್ಮಿಯಾಗಿ. ಬರ, ಬಿಳಿನೊಣ, ಕಪ್ಪುತಲೆ ಹುಳು ಎಲ್ಲ ಸೇರಿ ತೋಟಗಳನ್ನು ಬರಿದು ಮಾಡಿದ್ದವು. ಎಪಿಎಂಸಿ ಟೆಂಡರಿನಲ್ಲಿ ವಿಶ್ವಾಸಿಗೊಂದು ದರ, ಅವಿಶ್ವಾಸಿಗೊಂದು ದರ ಇರುವುದಿಲ್ಲ.

ಅತ್ತಿಗೆಗೂ ಅದೇ ದರ ಸಿಕ್ಕಿತ್ತು. ಅಣ್ಣ ಅಟ್ಟಕ್ಕೆ ಹಾಕಿಸಿಟ್ಟು ಹೋದ ಕಾಯಿ ಅದು. ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಅಟ್ಟದಲ್ಲಿ ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುವ ಹೊತ್ತಿಗೆ ಹಾಕಿಸಿದವನೇ ಇರಲಿಲ್ಲ. ಜೀವಮಾನದಲ್ಲಿ ಕಾಣದ ದುಡ್ಡು ಮನೆಗೆ ಬಂದ ದಿನ ಅತ್ತಿಗೆ ಒಲೆ ಹಚ್ಚಲಿಲ್ಲ. ಇದನ್ನು ಯಾವ ಮೈಕಿನಲ್ಲಿ ಹೇಳುವುದು?

ಯಜಮಾನರು ಮಾತಾಡುತ್ತಿದ್ದಂತೆ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು. ಬ್ಯಾಡ್ಜು ಹಾಕಿದ್ದ ಹುಡುಗಿಯೊಬ್ಬಳು ಬಂದು, ‘ಅಳಬಾರ್ದು ಆಂಟಿ, ಸೈತಾನನಿಗೆ ಜಾಗ ಕೊಟ್ಟಂಗಾಗುತ್ತೆ’ ಎಂದು ಮೆತ್ತಗೆ ಹೇಳಿ ಹೋದಳು. ಒಳ್ಳೇ ಹುಡುಗಿಯೇ. ನನ್ನ ಸಿಟ್ಟು ಅವಳಿಗೆ ಹೇಳಿಕೊಟ್ಟವರ ಮೇಲೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತಿಗೆ ಒಂದೇ ಮಾತು ಆಡಿದರು: ‘ನನ್ನ ಪ್ರಾರ್ಥನೆ ಸಾಲದೆ ಹೋಯ್ತೇನೋ, ಅದಕ್ಕೇ ಅವರು ಹೋದ್ರು.’

ಸಂಕಟದಲ್ಲಿದ್ದವರ ತಲೆಗೆ ಸಂಕಟದ ಹೊಣೆಯನ್ನೂ ಕಟ್ಟಿ ಕಳಿಸುವ ಆರಾಧನೆ ಯಾವ ಬೈಬಲಿನಿಂದ ಬಂತು? ನನ್ನ ಬೈಬಲಿನ 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಗೋಳು, ದೂರು, ಮೊರೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ‘ಪ್ರಲಾಪಗಳು’ ಎಂದೇ ಒಂದು ಪುಸ್ತಕವಿದೆ. ಲಾಜರನ ಸಮಾಧಿಯ ಬಳಿ ಯೇಸು ಅತ್ತ. ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನು. ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ನಿಂದಾಸ್ತುತಿ ನಮ್ಮ ದಾಸರಲ್ಲೂ ಉಂಟು. ಪಕ್ಕದ ಮನೆಯ ಅಜ್ಜಿ ಯಡಿಯೂರು ಸಿದ್ಧಲಿಂಗೇಶ್ವರನ ಗದ್ದುಗೆ ಮುಂದೆ ನಿಂತು ಗಟ್ಟಿಯಾಗಿ ಜಗಳವಾಡಿ ಬರುತ್ತಾರೆ. ಅಲ್ಲಿ ಯಾರೂ ಅವರ ಬಾಯಿ ಮುಚ್ಚಿಸುವುದಿಲ್ಲ.

ಹೇಳಲು ಗೆಲುವಿನ ಸಾಕ್ಷಿ ಇಲ್ಲದವರಿಗೆ ನಮ್ಮ ಪಕ್ಕದ ಗುಬ್ಬಿಯದೇ ಉದಾಹರಣೆ ಕೊಡುತ್ತೇನೆ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಅಲ್ಲಿ ನೆಲೆಯೂರಿದರು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಆರೋಗ್ಯ ಕೆಟ್ಟು 1841ರಲ್ಲಿ ಇಂಗ್ಲೆಂಡಿಗೆ ಮರಳಬೇಕಾಯಿತು. ಇಂದಿನ ಸಾಕ್ಷಿಯ ಸರದಿಯಲ್ಲಿ ನಿಲ್ಲಿಸಿದ್ದರೆ ಆ ಮನುಷ್ಯ ಏನು ಹೇಳಬೇಕಿತ್ತು? ಸೋತು ಹಿಂತಿರುಗಿದವರ ಬೆನ್ನ ಮೇಲೆ ಕಟ್ಟಿದ ಸಭೆಗಳ ಮಕ್ಕಳು ನಾವು.

ಕುಣಿದು ಹಾಡುವವರ ಮೇಲೆ ನನಗೆ ಬೇಸರವಿಲ್ಲ. ವಾರವಿಡೀ ಕಾಯಿ ಸುಲಿದು ಅಂಗೈ ಒಡೆದುಕೊಂಡವರಿಗೆ ಭಾನುವಾರದ ಚಪ್ಪಾಳೆಯಾದರೂ ಬೇಡವೇ? ಹಾಗಂತ ನಮ್ಮ ಹಳೇ ಚರ್ಚುಗಳೇ ಮೇಲು ಅಂತಲೂ ಅಲ್ಲ. ಅಲ್ಲಿ ಅಳುವವರನ್ನು ಯಾರೂ ಗದರಿಸುವುದಿಲ್ಲ, ಏಕೆಂದರೆ ಯಾರೂ ಗಮನಿಸುವುದೇ ಇಲ್ಲ. ಕಾಣಿಕೆ ಲೆಕ್ಕ, ಕಮಿಟಿ ಚುನಾವಣೆಯ ಪ್ರಕಟಣೆ, ಆಶೀರ್ವಾದ, ಮನೆಗೆ.

ಸಭಾಪಾಲಕರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರ ಸಾಕ್ಷಿಗೆ ಮೈಕು ಕೊಡುವ ಮೊದಲು 88ನೇ ಕೀರ್ತನೆಯನ್ನು ಪೂರ್ತಿ ಓದಿಸಿ, ಓದಿದ ಮೇಲೆ ವಿವರಣೆ ಕೊಡಬೇಡಿ, ಕೀಬೋರ್ಡೂ ಬೇಡ. ಈ ವರ್ಷ ಸಾವಾದ ಮನೆಗಳ ಪಟ್ಟಿ ನಿಮ್ಮ ರಿಜಿಸ್ಟರಿನಲ್ಲೇ ಇರುತ್ತದೆ. ವಾರದ ನಡುವೆ ಒಂದು ಸಂಜೆ ಆ ಮನೆಗಳಿಗೆ ಹೋಗಿ ಕೂತು ಬನ್ನಿ, ರಸೀದಿ ಪುಸ್ತಕ ಚರ್ಚಿನಲ್ಲೇ ಬಿಟ್ಟು.