ಓಣಿಯ ದವಾಖಾನೆಗೂ ಸುದ್ದಿ ಮುಟ್ಟಲಿ

ಮನೆಯಲ್ಲಿ ಜ್ವರ ಬಂದರೆ ನೀವು ಮೊದಲು ಎಲ್ಲಿಗೆ ಹೋಗುತ್ತೀರಿ? ರಾಯಚೂರಿನಲ್ಲಿದ್ದರೂ ನೇರ ರಿಮ್ಸ್‌ಗೆ ಹೋಗುವವರು ಕಡಿಮೆ. ಓಣಿಯ ದವಾಖಾನೆಯಲ್ಲಿ ಒಂದು ಇಂಜೆಕ್ಷನ್, ಮೂರು ದಿನದ ಗುಳಿಗೆ. ವಾಸಿಯಾದರೆ ಅಲ್ಲಿಗೆ ಮುಗಿಯಿತು. ಆದರೆ ಅದೇ ದಿನ ಅದೇ ಓಣಿಯ ನಾಲ್ವರು ಅದೇ ಜ್ವರಕ್ಕೆ ಬೇರೆ ಬೇರೆ ದವಾಖಾನೆಗಳಲ್ಲಿ ಕೂತಿದ್ದರೆ? ಅದನ್ನು ಕೂಡಿಸಿ ನೋಡುವವರು ಯಾರು?

ಅದಕ್ಕೊಂದು ವ್ಯವಸ್ಥೆ ಇದೆ. ದೇಶದಲ್ಲಿ 2004ರಿಂದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ನಡೆದಿದೆ. ಹಳ್ಳಿಯ ಆರೋಗ್ಯ ಸಹಾಯಕಿ ಕಂಡ ಲಕ್ಷಣ, ವೈದ್ಯರ ಅನುಮಾನ, ಲ್ಯಾಬ್‌ನ ಫಲಿತಾಂಶ, ಈ ಮೂರೂ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಮುಟ್ಟಬೇಕು.

ಮುಟ್ಟಿದರೆ ಏನಾಗುತ್ತದೆಂದು ಮಾನ್ವಿ ತಾಲೂಕು ನೋಡಿದೆ. 2022ರ ಡಿಸೆಂಬರ್‌ನಲ್ಲಿ ಕೋಳಿಕ್ಯಾಂಪ್‌ನ ಐದು ವರ್ಷದ ಬಾಲಕಿಗೆ ಝೀಕಾ ಸೋಂಕು ಖಚಿತವಾಯಿತು. ಅದು ರಾಜ್ಯದ ಮೊದಲ ಪ್ರಕರಣ. ಮಾದರಿ ಪುಣೆಯ ಪ್ರಯೋಗಾಲಯಕ್ಕೆ ಹೋಗದಿದ್ದರೆ ಅದೂ ಒಂದು ಸಾದಾ ಜ್ವರವೇ ಆಗಿರುತ್ತಿತ್ತು.

ಇನ್ನೊಂದು ಮುಖವನ್ನೂ ಕಂಡಿದ್ದೇವೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದ ನಲ್ಲಿ ನೀರು ಕೆಟ್ಟು ಜೀವಗಳೇ ಹೋದವು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗದ ರೇಕಲಮರಡಿಯಲ್ಲಿ ಕಲುಷಿತ ನೀರಿಗೆ ಒಂದು ಮಗು ಬಲಿಯಾಯಿತು. ವಾಂತಿ-ಭೇದಿ ಗಂಟೆಗಳ ಲೆಕ್ಕದಲ್ಲಿ ಹಬ್ಬುತ್ತದೆ. ಒಂದೇ ಓಣಿಯ ಮೊದಲ ಮೂವರು ಬಂದಾಗಲೇ ಫೋನ್ ಹೋದರೆ ಆ ನಲ್ಲಿಯನ್ನು ನಿಲ್ಲಿಸಬಹುದು. ವಾರದ ನಂತರ ಹೋದ ವರದಿ ಬರೀ ಲೆಕ್ಕ.

ಖಾಸಗಿ ವೈದ್ಯರನ್ನು ಮಾತ್ರ ದೂರಿದರೆ ಸಾಲದು. ವರದಿ ಕೇಳುವ ಇಲಾಖೆ ಅವರಿಗೆ ತಿರುಗಿ ಏನು ಕೊಡುತ್ತದೆ? ಈ ತಿಂಗಳು ತಾಲೂಕಿನಲ್ಲಿ ಯಾವ ರೋಗ ಕಾಣಿಸಿದೆ, ಯಾವ ಮಾದರಿ ತೆಗೆಯಬೇಕು, ಎಲ್ಲಿಗೆ ಕಳಿಸಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದು ಒಂದೇ ಹಾಳೆಯಲ್ಲಿ ಪ್ರತಿ ದವಾಖಾನೆಗೆ, ಔಷಧ ಅಂಗಡಿಗೆ, ಲ್ಯಾಬ್‌ಗೆ ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯಿಂದ ಬರಲಿ. ಬೆಂಗಳೂರಿನ ಸುತ್ತೋಲೆಯಲ್ಲಿ ನಮ್ಮ ಓಣಿಯ ಸುದ್ದಿ ಇರುವುದಿಲ್ಲ.

ನಿಮ್ಮ ಪಾಲಿನ ಕೆಲಸವೂ ಇದೆ. ವೈದ್ಯರಿಗೆ ಸರಿಯಾದ ವಿಳಾಸ ಕೊಡಿ. ಮನೆಯಲ್ಲಿ, ನೆರೆಯಲ್ಲಿ ಇನ್ನೆಷ್ಟು ಜನ ಮಲಗಿದ್ದಾರೆ, ನೀರು ಎಲ್ಲಿಂದ ತರುತ್ತೀರಿ ಎಂದು ಹೇಳಿ. ರಕ್ತ ಪರೀಕ್ಷೆ ಬರೆದರೆ ತಪ್ಪಿಸಬೇಡಿ. ಕ್ಷಯವನ್ನು ಮುಚ್ಚಿಡಬೇಡಿ, 2012ರಿಂದ ಅದನ್ನು ಸರ್ಕಾರಕ್ಕೆ ತಿಳಿಸುವುದು ಖಾಸಗಿ ವೈದ್ಯರಿಗೂ ಕಡ್ಡಾಯ. ಓಣಿಯಲ್ಲಿ ವಾಂತಿ-ಭೇದಿ ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ, 104ಕ್ಕೆ ಕರೆ ಮಾಡಿ.

ಜಮಾಅತ್ ಕಮಿಟಿಗಳು ಆ ಒಂದು ಹಾಳೆಗಾಗಿ ಅರ್ಜಿ ಕೊಡಲಿ. ರಸ್ತೆ, ಚರಂಡಿಗೆ ಕೊಟ್ಟ ಅರ್ಜಿಗಳು ಎಷ್ಟೋ ಇವೆ. ಇದಕ್ಕೂ ಒಂದು ಇರಲಿ.